ಬಿಳಿಚಿಕೊಂಡ ಸೆಸ್ನಾ: ಹಳೇ ವಿಮಾನದ ಕಿಟ್ಟಿನಲ್ಲಿ ದೋಷ ಹುಡುಕುವ ಬಗೆ

ಪ್ಲಾಸ್ಟಿಕ್ ಮಾದರಿ ವಿಮಾನದ ಕೆಂಪು ಪಟ್ಟಿಗೆ ಸ್ಪ್ರೇ ಹೊಡೆದು, ಕೈ ತೊಳೆದು ಬರುವಷ್ಟರಲ್ಲಿ ಅದರ ಮೇಲೆ ವಿಭೂತಿ ಬಳಿದ ಹಾಗಾಗಿತ್ತು. ಹೊರಗೆ ಪುಷ್ಯ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. "ಮಳೆಗಾಲ, ಇನ್ನೇನಾಗುತ್ತೆ" ಎಂದು ಅಮ್ಮ ಅಡುಗೆ ಮನೆಯಿಂದಲೇ ತೀರ್ಪು ಕೊಟ್ಟರು. ತೀರ್ಥಹಳ್ಳಿ ಕಡೆಯ ನಮಗೆ ಇದು ಸಿದ್ಧ ಉತ್ತರ. ಹಪ್ಪಳ ಮೆತ್ತಗಾದರೂ ಮಳೆ, ಬಾಗಿಲು ಕಚ್ಚಿಕೊಂಡರೂ ಮಳೆ, ಬೈಕ್ ಸ್ಟಾರ್ಟ್ ಆಗದಿದ್ದರೂ ಮಳೆ.

ಆ ದಿನ ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅದೇ ವಿಮಾನದಲ್ಲಿ ಆಮೇಲೆ ಇನ್ನೂ ಮೂರು ಕಡೆ ಬಿಳುಪು ಕಾಣಿಸಿತು. ಆ ಮೂರಕ್ಕೂ ನಾನೂ ಮಳೆಯನ್ನೇ ಬೈದೆ. ಮೂರರಲ್ಲೂ ತಪ್ಪು ನನ್ನದೇ ಆಗಿತ್ತು. ನೋಡಲು ನಾಲ್ಕೂ ಒಂದೇ ಥರ. ಕಾರಣ ಬೇರೆ, ಮದ್ದೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಇದ್ದದ್ದೂ ಕೆಡುತ್ತದೆ. ನಾನು ಹಾಗೆ ಕೆಡಿಸಿಯೇ ಕಲಿತದ್ದು.

ಕಿಟ್, ಎಂದರೆ ಬಿಡಿ ಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿ, ಸೆಸ್ನಾ 172 ಎಂಬ ಸಣ್ಣ ವಿಮಾನದ್ದು. ಅಳತೆ 1/48, ನಿಜವಾದದ್ದರ ನಲವತ್ತೆಂಟನೇ ಒಂದು ಪಾಲು. ಸೋದರಮಾವ ಎಂಬತ್ತರ ದಶಕದಲ್ಲಿ ಮುಂಬೈಯಿಂದ ತಂದು, ಕಟ್ಟದೆ, ನಮ್ಮ ಅಟ್ಟದ ಮೇಲೆ ಇಟ್ಟುಹೋದದ್ದು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಕಿಟ್ಟಿನಲ್ಲಿ ಅದು 23 ಸೆಂಟಿಮೀಟರ್ ಆಗುತ್ತದೆ. 1955ರಲ್ಲಿ ಮೊದಲು ಹಾರಿದ ಈ ವಿಮಾನವನ್ನು 44 ಸಾವಿರಕ್ಕೂ ಜಾಸ್ತಿ ಕಟ್ಟಿದ್ದಾರೆ. ಇಷ್ಟು ಸಂಖ್ಯೆಯಲ್ಲಿ ಕಟ್ಟಿದ ವಿಮಾನ ಜಗತ್ತಿನಲ್ಲಿ ಇನ್ನೊಂದಿಲ್ಲ. ಶಿವಮೊಗ್ಗ ಹತ್ತಿರದ ಸೋಗಾನೆ ನಿಲ್ದಾಣದಲ್ಲಿ 2023ರ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಇಳಿಯಲು ಶುರುವಾದ ಮೇಲೆ ಮಗಳಿಗೆ ವಿಮಾನದ ಹುಚ್ಚು ಹತ್ತಿತು. ಹಾಗಾಗಿ ಅಟ್ಟದ ಡಬ್ಬಿ ಕೆಳಗೆ ಬಂತು.

ಬಣ್ಣ ಬಿಳಿಚಿದರೆ

ಮೊದಲು ಏನೂ ಒರೆಸಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಆಮೇಲೆ ಒಣಗಿದ ಜಾಗವನ್ನು ಬೆರಳಿನಿಂದ ಮುಟ್ಟಿ.

ಮೈ ನುಣ್ಣಗಿದ್ದು ಮೋಡ ಕವಿದ ಹಾಗೆ ಬೆಳ್ಳಗಿದ್ದರೆ ಅದು ತೇವದ ಕೆಲಸ. ಸ್ಪ್ರೇ ಡಬ್ಬಿಯ ಲ್ಯಾಕರ್ ಬಣ್ಣದಲ್ಲಿರುವ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ತಣ್ಣಗಾದ ಬಣ್ಣದ ಮೇಲೆ ಗಾಳಿಯ ನೀರು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ತಂಬಿಗೆ ಬೆವರುತ್ತದಲ್ಲ, ಹಾಗೆ. ಆ ನೀರು ಬಣ್ಣದ ಪದರದೊಳಗೇ ಸಿಕ್ಕಿಕೊಂಡು ಬಿಳುಪು ಕಾಣಿಸುತ್ತದೆ.

ಮುಟ್ಟಿದರೆ ರವೆಯ ಹಾಗೆ ತರಿತರಿಯಾಗಿದ್ದರೆ ಅದು ತೇವವಲ್ಲ. ಡಬ್ಬಿಯನ್ನು ತುಂಬ ದೂರ ಹಿಡಿದು ಹೊಡೆದಿದ್ದೀರಿ, ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿದ್ದಿದೆ. 1200 ನಂಬರಿನ ಎಮರಿ ಪೇಪರನ್ನು ನೀರಲ್ಲಿ ಅದ್ದಿ ಸವರಿ, ಹತ್ತಿರದಿಂದ ಇನ್ನೊಂದು ತೆಳು ಪದರ ಕೊಟ್ಟರೆ ಮುಗಿಯಿತು.

ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳು ಕಂಡರೆ ಕೆಟ್ಟ ಸುದ್ದಿ. ಇಂಥ ಕಿಟ್ಟುಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಕಾರಿಗೆ ಹೊಡೆಯುವ ಬಣ್ಣದ ಥಿನ್ನರ್ ಬರೀ ಪ್ಲಾಸ್ಟಿಕ್ ಮೇಲೆ ದಪ್ಪಗೆ ಬಿದ್ದರೆ ಅದನ್ನು ತಿನ್ನುತ್ತದೆ. ಇದಕ್ಕೆ ಮೇಲೆ ಬಳಿಯುವ ಮದ್ದಿಲ್ಲ. ಉಜ್ಜಿ, ಪ್ರೈಮರನ್ನು ಇಬ್ಬನಿಯಷ್ಟು ತೆಳುವಾಗಿ ಎರಡು ಮೂರು ಸಲ ಕೊಟ್ಟು, ಮತ್ತೆ ಮೊದಲಿನಿಂದ ಶುರು.

ನನ್ನದು ಮೊದಲನೆಯ ಬಗೆ. ನಾನು ಮಾಡಿದ ತಪ್ಪೆಂದರೆ ಅವಸರಕ್ಕೆ ಅದೇ ಹೊತ್ತಿನಲ್ಲಿ ಇನ್ನೊಂದು ಪದರ ಹೊಡೆದದ್ದು. ಅದೂ ಬಿಳಿಚಿತು. ತೇವಕ್ಕೆ ಬಣ್ಣ ಮದ್ದಲ್ಲ, ಒಣಗಾಳಿ ಮದ್ದು. ಮೂರು ದಿನ ಬಿಟ್ಟು, ಸ್ವಲ್ಪ ಹೊಳವಾದ ಮಧ್ಯಾಹ್ನ, ಅದೇ ಬಣ್ಣಕ್ಕೆ ಹೊಂದುವ, ನಿಧಾನವಾಗಿ ಆರುವ ಥಿನ್ನರನ್ನು ಬಿಳಿಚಿದ ಜಾಗಕ್ಕೆ ಹಗುರವಾಗಿ ಸಿಂಪಡಿಸಿದೆ. ಬಣ್ಣ ಸ್ವಲ್ಪ ಮೆತ್ತಗಾಗಿ, ಒಳಗಿದ್ದ ತೇವ ಹೊರಬಿದ್ದು, ಕೆಂಪು ವಾಪಸ್ ಬಂತು. ಪಟ್ಟಿಯ ಒಂದು ತುದಿ ಮಾತ್ರ ಬರಲಿಲ್ಲ. ಅಲ್ಲಿ ಉಜ್ಜಿಯೇ ಹೊಡೆಯಬೇಕಾಯಿತು.

ಯಾವ ದಿನ ಸ್ಪ್ರೇ ಮಾಡಬಹುದು ಎಂದು ತಿಳಿಯಲು ತೇವದ ಮೀಟರ್ ಸಿಗುತ್ತದೆ. 60 ಪರ್ಸೆಂಟ್ ಸುತ್ತಮುತ್ತ ಇದ್ದರೆ ನಿಶ್ಚಿಂತೆ. ಮೀಟರ್ ಇಲ್ಲದಿದ್ದರೆ ಅಡುಗೆ ಮನೆಯ ಉಪ್ಪಿನ ಭರಣಿ ಇದೆಯಲ್ಲ. ಶುದ್ಧ ಉಪ್ಪು ಗಾಳಿಯ ತೇವ 75 ಪರ್ಸೆಂಟ್ ದಾಟಿದಾಗ ನೀರು ಬಿಡಲು ಶುರುಮಾಡುತ್ತದೆ. ಹರಳುಪ್ಪಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಅದು ಇನ್ನೂ ಮೊದಲೇ ಬೆವರುತ್ತದೆ. ಒಂದು ಚಿಟಿಕೆ ಒಣ ಪುಡಿ ಉಪ್ಪನ್ನು ತಟ್ಟೆಯಲ್ಲಿ ಹರಡಿ, ಕೆಲಸದ ಮೇಜಿನ ಮೇಲೆ ಒಂದೆರಡು ಗಂಟೆ ಬಿಡಿ. ಉಪ್ಪು ಅಂಟಂಟಾದರೆ ಆ ದಿನ ಸ್ಪ್ರೇ ಬೇಡ, ಸೀಟಿಗೆ ಕುಂಚದಲ್ಲಿ ಬಣ್ಣ ಬಳಿಯುತ್ತ ಕೂರಿ. ಆರಿದ್ರೆಯಿಂದ ಆಶ್ಲೇಷದವರೆಗೆ ನಮ್ಮ ಮನೆಯಲ್ಲಿ ಉಪ್ಪು ಒಣಗಿದ್ದು ನೆನಪಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಪಕ್ಕದಲ್ಲೇ ಇದ್ದು ಬೇರೆ ಏನು ನಿರೀಕ್ಷಿಸುವುದು?

ಕಾಯಲು ಆಗದವರಿಗೆ ಒಂದು ದಾರಿ: ರಟ್ಟಿನ ಡಬ್ಬಿಯೊಳಗೆ 40 ವ್ಯಾಟಿನ ಹಳೇ ಥರದ ಬಲ್ಬ್. ಎಲ್‌ಇಡಿ ಬೇಡ, ಅದರ ಬಿಸಿ ಸಾಲದು. ಬಣ್ಣ ಹೊಡೆಯುವ ಮುಂಚೆ ಭಾಗಗಳನ್ನು ಅದರಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಒಳಗೆ ಕೈ ಇಟ್ಟರೆ ಹಾಯೆನಿಸಬೇಕು, ಸುಡಬಾರದು. ಈಗಷ್ಟೇ ಥಿನ್ನರ್ ಹೊಡೆದದ್ದನ್ನು ಮಾತ್ರ ಕೂಡಲೇ ಒಳಗಿಡಬೇಡಿ. ಥಿನ್ನರಿನ ಆವಿ ಮತ್ತು ಬಲ್ಬಿನ ಬಿಸಿ ಒಂದೇ ಡಬ್ಬಿಯಲ್ಲಿ ಇರಬಾರದು. ಬಚ್ಚಲೊಲೆ ಹತ್ತಿರ ಇಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ.

ಗಾಜು ಮಬ್ಬಾದರೆ

ಮುಂದಿನ ಗಾಜು (ಕಿಟ್ಟಿನಲ್ಲಿ ಇದೂ ಪಾರದರ್ಶಕ ಪ್ಲಾಸ್ಟಿಕ್ಕೇ) ಅಂಟಿಸಿದ ಮರುದಿನ ಬೆಳಿಗ್ಗೆ ಮಗಳು ಕರೆದಳು. "ಅಪ್ಪ, ಗಾಜಿನ ಮೇಲೆ ನನ್ನ ಹೆಬ್ಬೆಟ್ಟು ಕಾಣುತ್ತೆ!" ನಿಜಕ್ಕೂ ಕಾಣುತ್ತಿತ್ತು. ಒಳಗಡೆಯಿಂದ, ಗೆರೆ ಗೆರೆಯಾಗಿ, ಬೆಳ್ಳಗೆ.

ಆ ಹೆಬ್ಬೆಟ್ಟೇ ಸಾಕ್ಷಿ. ಪೊಲೀಸರು ಬೆರಳಚ್ಚು ಎತ್ತಲು ಸೂಪರ್ ಗ್ಲೂ ಆವಿಯನ್ನೇ ಬಳಸುತ್ತಾರೆ. ಬೆರಳಿನ ಬೆವರು, ಜಿಡ್ಡು ಇದ್ದ ಕಡೆ ಆ ಆವಿ ಗಟ್ಟಿಯಾಗಿ ಬಿಳಿ ಗೆರೆ ಮೂಡುತ್ತದೆ. ನಾನು ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿ, ಒಡಲನ್ನು ಮುಚ್ಚಿಬಿಟ್ಟಿದ್ದೆ. ಆವಿಗೆ ಹೊರಹೋಗಲು ದಾರಿಯಿರಲಿಲ್ಲ. ಈ ಅಂಟು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಗೂ ಸ್ವಲ್ಪ ಪಾಲು ಕೊಡಬಹುದು. ಆದರೆ ಗಾಜಿಗೆ ಆ ಅಂಟು ಹಾಕಿದ್ದು ಮಳೆಯಲ್ಲ.

ಮಬ್ಬು ಜೋಡಣೆಯ ಅಂಚಿನಲ್ಲಿ ದಟ್ಟವಾಗಿದ್ದು ನಡುವೆ ತೆಳುವಾಗಿದ್ದರೆ ಅಂಟಿನ ಆವಿ ಎಂದೇ ತಿಳಿಯಿರಿ. ಗಾಜಿನ ಮೇಲೆ ದುಂಡಗೆ ಕರಗಿದ ಗುಂಡಿ ಇದ್ದರೆ ಬೇರೆ ಕಥೆ. ಹಳೇ ಕಿಟ್ಟುಗಳಲ್ಲಿ ಮೆತ್ತನೆಯ ವಿನೈಲ್ ಟೈರ್ ಕೊಡುತ್ತಿದ್ದರು. ಅದನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ವರ್ಷಗಟ್ಟಲೆ ಒಸರಿ, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒಂದೇ ಚೀಲದಲ್ಲಿ ಟೈರೂ ಗಾಜೂ ಇದ್ದರೆ ಗಾಜಿನ ಮೇಲೆ ಟೈರಿನ ಅಚ್ಚು ಬೀಳುತ್ತದೆ. ಹಳೇ ಕಿಟ್ ತೆರೆದ ದಿನವೇ ಟೈರುಗಳನ್ನು ಬೇರೆ ಪೊಟ್ಟಣಕ್ಕೆ ಹಾಕಿ. ಕಟ್ಟುವಾಗ ಚಕ್ರದ ನಡುವಿನ ಬಿಲ್ಲೆಗೆ ಚೆನ್ನಾಗಿ ಬಣ್ಣ ಬಳಿದು, ಒಣಗಿದ ಮೇಲೆ ಟೈರ್ ಹಾಕಿದರೆ ಒಂದಷ್ಟು ತಡೆ ಸಿಗುತ್ತದೆ.

ಆವಿಯ ಮಬ್ಬು ಹೊಸದಾಗಿದ್ದರೆ ಒದ್ದೆ ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿದರೆ ಸುಮಾರು ಹೋಗುತ್ತದೆ. ಉಳಿದದ್ದಕ್ಕೆ ಬಿಳಿ ಟೂತ್‌ಪೇಸ್ಟ್, ಜೆಲ್ ಬೇಡ. ನಾನು ಗಾಜನ್ನು ಬಿಡಿಸಿ, ಅರ್ಧ ಗಂಟೆ ಉಜ್ಜಿ, ಬಣ್ಣವಿಲ್ಲದ ಹೊಳಪು ವಾರ್ನಿಶಿನಲ್ಲಿ ಅದ್ದಿ ತೆಗೆದೆ. ಈ ಸಲ ಬಿಳಿ ಫೆವಿಕಾಲ್ ಹಾಕಿ ಅಂಟಿಸಿದೆ. ಅದು ಗಾಜನ್ನು ಮಬ್ಬು ಮಾಡುವ ಆವಿ ಉಗುಳುವುದಿಲ್ಲ, ಒಣಗಿದರೆ ಕಾಣುವುದೂ ಇಲ್ಲ, ತಪ್ಪಾದರೆ ನೀರಲ್ಲಿ ಬಿಡಿಸಬಹುದು.

ಹಿಂದಿನ ಗಾಜು ಕಿಟ್ಟಿನಲ್ಲೇ ಇಲ್ಲ ಎಂದು ಹುಡುಕುವವರಿಗೆ ಒಂದು ಮಾತು. ಮೊದಲ ವರ್ಷಗಳ 172ಕ್ಕೆ ಹಿಂದೆ ಗಾಜೇ ಇರಲಿಲ್ಲ. ಬಾಲದ ನೆಟ್ಟ ರೆಕ್ಕೆ ಓರೆಯಾದದ್ದು 1960ರ ಮಾದರಿಯಲ್ಲಿ, ಹಿಂದೆ ಗಾಜು ಬಂದದ್ದು 1963ರ ಮಾದರಿಯಲ್ಲಿ. ಡಬ್ಬಿಯ ಚಿತ್ರ ಬರೆದವರು ಒಂದು ವರ್ಷದ ವಿಮಾನ ನೋಡಿ, ಅಚ್ಚು ಮಾಡಿದವರು ಇನ್ನೊಂದು ವರ್ಷದ್ದು ನೋಡಿರಬಹುದು. ಭಾಗ ಕಳೆದಿದೆ ಎಂದು ಅಟ್ಟವನ್ನೆಲ್ಲ ಜಾಲಾಡುವ ಮುಂಚೆ ಬಾಲದ ಆಕಾರ ನೋಡಿ.

ಅಕ್ಷರಗಳ ಸುತ್ತ ಬೆಳ್ಳಿ ಮಿಂಚಿದರೆ

ಅಕ್ಷರ, ಅಂಕಿ ಇರುವ, ನೀರಲ್ಲಿ ನೆನೆಸಿ ಅಂಟಿಸುವ ತೆಳು ಚೀಟಿಗೆ ಡಿಕಾಲ್ ಎನ್ನುತ್ತಾರೆ. ಅದರ ಕೆಳಗೆ ಗಾಳಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ನೇರ ನೋಡಿದರೆ ಕಾಣುವುದಿಲ್ಲ, ಓರೆಯಾಗಿ ನೋಡಿದರೆ ಮಿಂಚುತ್ತದೆ. ಮಂಕು ಬಣ್ಣದ ಒರಟು ಮೈಮೇಲೆ ಅಂಟಿಸಿದ್ದೇ ಕಾರಣ. ಮೊದಲು ಹೊಳಪು ವಾರ್ನಿಶ್, ಆಮೇಲೆ ಡಿಕಾಲ್. ಆಗಿಹೋಗಿದ್ದರೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಡಿಕಾಲ್ ಮೆತ್ತಗೆ ಮಾಡುವ ದ್ರವ ಹಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿ.

ಹಳೇ ಡಿಕಾಲಿನ ಇನ್ನೊಂದು ಕಾಟ, ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುವುದು. ಬೇಡದ ಒಂದು ಅಂಕಿಯನ್ನು ಮೊದಲು ನೆನೆಸಿ ನೋಡಿ. ಒಡೆದರೆ ಇಡೀ ಹಾಳೆಗೆ ಕ್ಲಿಯರ್ ಲ್ಯಾಕರ್ ಹೊಡೆದು ಒಣಗಿಸಿ, ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿ. ಒಡೆಯದೆ, ಸುಮ್ನೆ ಅಂಟದೆ ಜಾರುತ್ತಿದ್ದರೆ ಹಳೇ ಗೋಂದು ಸತ್ತಿದೆ, ಒಂದು ಹನಿ ಫೆವಿಕಾಲನ್ನು ನೀರಲ್ಲಿ ಕದಡಿ ಹಚ್ಚಿ. ಹಳದಿಯಾಗಿದ್ದರೆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಂದೆರಡು ವಾರ ಅಂಟಿಸಿಡಿ. ಬಿಸಿಲು ಹಳದಿಯನ್ನು ಎಳೆಯುತ್ತದೆ. ಮಲೆನಾಡಿನಲ್ಲಿ ಈ ಕೆಲಸಕ್ಕೆ ದೀಪಾವಳಿ ಕಳೆಯಬೇಕು.

ಮೂಗಿನ ಜೋಡಣೆ ಬಿರಿದರೆ

ನಾಲ್ಕನೆಯ ಬಿಳುಪು ಕಾಣಿಸಿದ್ದು ವಿಮಾನ ಮುಗಿದು ಏಳು ತಿಂಗಳ ಮೇಲೆ. ಮೂಗಿನ ಕೆಳಗಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರಿಂದ ಸುಣ್ಣದಂಥ ಪುಡಿ. ಬೂಷ್ಟು ಎಂದುಕೊಂಡು ಒರೆಸಿದೆ. ಹದಿನೈದು ದಿನಕ್ಕೆ ಮತ್ತೆ ಬಂತು. ಬಿರುಕೂ ಅಗಲವಾಗಿತ್ತು.

ಬೂಷ್ಟು ಬಿರುಕು ಬಿಡಿಸುವುದಿಲ್ಲ. ಒಳಗಿನಿಂದ ಏನೋ ಉಬ್ಬುತ್ತಿತ್ತು.

172ಕ್ಕೆ ಮೂಗಿನ ಕೆಳಗೆ ಒಂದು ಚಕ್ರ, ಹಿಂದೆ ಎರಡು. ಕಿಟ್ಟಿನಲ್ಲಿ ಎಂಜಿನ್ ಜಾಗ ಟೊಳ್ಳು, ಹಾಗಾಗಿ ಬಾಲವೇ ಭಾರವಾಗಿ ವಿಮಾನ ಕುಕ್ಕರಗಾಲಲ್ಲಿ ಕೂರುತ್ತದೆ. ಅದಕ್ಕೆ ಮೂಗಿನೊಳಗೆ ತೂಕ ತುಂಬಬೇಕು. ನಾನು ಮೀನು ಗಾಳದ ಸೀಸದ ಗುಂಡುಗಳನ್ನು ಹಾಕಿ, ಮೇಲಿಂದ ಧಾರಾಳವಾಗಿ ಫೆವಿಕಾಲ್ ಸುರಿದಿದ್ದೆ. ಗಾಜಿಗೆ ಒಳ್ಳೆಯದು ಮಾಡಿದ ಅಂಟೇ ಇಲ್ಲಿ ಕೈಕೊಟ್ಟಿತು. ಇಂಥ ಬಿಳಿ ಅಂಟುಗಳಿಂದ ಹೊರಡುವ ಹುಳಿ ಆವಿ ಸೀಸವನ್ನು ನಿಧಾನವಾಗಿ ತಿನ್ನುತ್ತದೆ. ಸೀಸ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಸೀಸಕ್ಕಿಂತ ಜಾಸ್ತಿ ಜಾಗ ಬೇಕು. ಮುಚ್ಚಿದ ಮೂಗಿನಲ್ಲಿ ಜಾಗ ಎಲ್ಲಿದೆ? ಜೋಡಣೆ ಬಿರಿಯುತ್ತದೆ. ತೇವ ಇದ್ದ ಊರಲ್ಲಿ ಬೇಗ ಬಿರಿಯುತ್ತದೆ.

ಮಾವನಿಗೆ ಫೋನ್ ಮಾಡಿ ಹೇಳಿದರೆ, "ಅಲ್ಲೋ ಮಾರಾಯ, ನಲವತ್ತು ವರ್ಷ ಡಬ್ಬಿಯೊಳಗೆ ಚೆನ್ನಾಗಿತ್ತಲ್ಲ" ಎಂದರು.

ಮದ್ದು ಒಂದೇ, ಬಿಚ್ಚುವುದು. ಬ್ಲೇಡಿನ ಹಿಂಬದಿಯಿಂದ ಜೋಡಣೆಯುದ್ದಕ್ಕೂ ಹಗುರವಾಗಿ ಗೀರುತ್ತ ಹೋದರೆ ತೆರೆದುಕೊಳ್ಳುತ್ತದೆ. ಸೀಸದ ಪುಡಿ ವಿಷ. ಒಣಗಿದ್ದನ್ನು ಊದಬೇಡಿ, ಕೆರೆಯಬೇಡಿ. ಒದ್ದೆ ಟಿಶ್ಯೂನಲ್ಲಿ ಒರೆಸಿ ತೆಗೆದು, ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಬೇಡಿ. ಎರಡನೇ ಸಲ ನಾನು ಸೈಕಲ್ ಅಂಗಡಿಯಿಂದ ಸ್ಟೀಲ್ ಬಾಲ್ಸ್ ತಂದು ಎಂ-ಸೀಲಿನಲ್ಲಿ ಹುದುಗಿಸಿದೆ. ಗಾಳಿ ತಾಗದಂತೆ ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ಅದೂ ತುಕ್ಕು ಹಿಡಿಯುತ್ತದೆ.

ಎಷ್ಟು ತೂಕ? ಪುಸ್ತಕ ನೋಡುವುದು ಬೇಡ. ಒಡಲು, ರೆಕ್ಕೆ, ಬಾಲ ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ. ಹಿಂದಿನ ಚಕ್ರಗಳು ಬರುವ ಜಾಗದ ಕೆಳಗೆ ಒಂದು ಪೆನ್ಸಿಲ್ ಅಡ್ಡ ಇಡಿ. ಮೂಗಿನ ಮೇಲೆ ಸಣ್ಣ ಕವರ್ ನೇತುಹಾಕಿ, ವಿಮಾನ ಮುಂದೆ ಬಾಗುವವರೆಗೆ ಒಂದೊಂದೇ ಬಾಲ್ ಹಾಕಿ. ಬಾಗಿದ ಮೇಲೆ ಕಾಲು ಭಾಗ ಜಾಸ್ತಿ ಸೇರಿಸಿ, ಯಾಕೆಂದರೆ ಬಣ್ಣದ ತೂಕವೆಲ್ಲ ಹಿಂದೆಯೇ ಕೂರುವುದು. ಅದಕ್ಕಿಂತ ಹೆಚ್ಚು ತುಂಬಿದರೆ ಚಕ್ರದ ಕಾಲುಗಳು ಕಾಲಾಂತರದಲ್ಲಿ ಅಗಲಕ್ಕೆ ಹೋಗುತ್ತವೆ.

ಇನ್ನೊಂದು ವಿಷಯ. ಬಾಲ ನೆಲಕ್ಕೆ ಕೂರುವುದು ಎಲ್ಲ ವಿಮಾನಕ್ಕೂ ದೋಷವಲ್ಲ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಎರಡು ಸೀಟಿನ ಪುಷ್ಪಕ್, 1958ರಲ್ಲಿ ಮೊದಲು ಹಾರಿದ್ದು, ಅದರ ಮೂರನೇ ಚಕ್ರ ಬಾಲದಲ್ಲೇ ಇತ್ತು. ಪೈಪರ್ ಕಬ್ ಕೂಡ ಹಾಗೆ. 172ರ ಅಣ್ಣ ಸೆಸ್ನಾ 170ಯೂ ಹಾಗೆಯೇ. ಅಂಥವಕ್ಕೆ ತೂಕ ತುಂಬಿದರೆ ಮೂಗು ಮುಗ್ಗರಿಸುತ್ತದೆ.

ಆಸರೆ ಕಡ್ಡಿ ಕೂರದಿದ್ದರೆ

ರೆಕ್ಕೆಯಿಂದ ಒಡಲಿಗೆ ಓರೆಯಾಗಿ ಬರುವ ಸ್ಟ್ರಟ್ ಉದ್ದವಾಯಿತು ಎಂದು ಕತ್ತರಿಸಲು ಹೊರಟಿದ್ದೆ. ಆಗಲೇ ಮಗಳು ಕೇಳಿದ್ದು: "ಸೋಗಾನೆಗೆ ಬರುವ ಎಟಿಆರ್ ವಿಮಾನಕ್ಕೂ ರೆಕ್ಕೆ ಮೇಲೇ ಇದೆ. ಅದಕ್ಕೆ ಯಾಕೆ ಕಡ್ಡಿ ಇಲ್ಲ?" ದೊಡ್ಡ ವಿಮಾನದ ರೆಕ್ಕೆಯೊಳಗಿನ ತೊಲೆಯೇ ಅಷ್ಟು ಬಲವಾಗಿರುತ್ತದೆ. ಸಣ್ಣ ವಿಮಾನದಲ್ಲಿ ಕಡ್ಡಿ ಕೊಟ್ಟು ರೆಕ್ಕೆಯನ್ನು ಹಗುರ ಮಾಡುತ್ತಾರೆ. ಅವಳಿಗೆ ಇದನ್ನು ಹೇಳುತ್ತ ಹೇಳುತ್ತ ರೆಕ್ಕೆಯನ್ನು ಸರಿಯಾಗಿ ನೋಡಿದೆ. ಎಡ ತುದಿ ಬಲ ತುದಿಗಿಂತ ಕೆಳಗಿತ್ತು. ತಪ್ಪು ಕಡ್ಡಿಯದ್ದಲ್ಲ.

172ರ ರೆಕ್ಕೆ ಬುಡದಿಂದ ತುದಿಗೆ ಸುಮಾರು 1.7 ಡಿಗ್ರಿ ಮೇಲಕ್ಕೆ ಏರುತ್ತದೆ. ನಮ್ಮ ಅಳತೆಯಲ್ಲಿ ತುದಿ ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದಲ್ಲಿರಬೇಕು. ಅಟ್ಟದ ಬಿಸಿಗೆ, ಮೇಲಿಟ್ಟ ಹಿತ್ತಾಳೆ ಪಾತ್ರೆಗಳ ಭಾರಕ್ಕೆ ಎಡ ರೆಕ್ಕೆ ಬಾಗಿತ್ತು. ಚಪ್ಪಟೆ ಗಾಜಿನ ಹಲಗೆ ಮೇಲೆ ಇಟ್ಟು ನೋಡಿದರೆ ಬಾಗು ಗೊತ್ತಾಗುತ್ತದೆ. ಕೈ ತಡೆಯದಷ್ಟು ಬಿಸಿ ನೀರಿನಲ್ಲಿ, ಎಂದರೆ 65ರಿಂದ 70 ಡಿಗ್ರಿ, ಇಕ್ಕಳದಲ್ಲಿ ಹಿಡಿದು ಒಂದು ನಿಮಿಷ ಅದ್ದಿ, ನಿಧಾನ ತಿದ್ದಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿ. ಒಮ್ಮೆಲೇ ಆಗುವುದಿಲ್ಲ, ನನಗೆ ನಾಲ್ಕು ಸಲ ಬೇಕಾಯಿತು. ಕುದಿಯುವ ನೀರು ಮಾತ್ರ ಬೇಡ, 100 ಡಿಗ್ರಿ ಹತ್ತಿರ ಈ ಪ್ಲಾಸ್ಟಿಕ್ ಪೂರ್ತಿ ಮೆತ್ತಗಾಗುತ್ತದೆ. ರೆಕ್ಕೆ ನೇರವಾದ ಮೇಲೆ ಕಡ್ಡಿ ತಾನಾಗಿ ಕೂತಿತು.

ಬಣ್ಣ ಹಿಡಿಯದಿದ್ದರೆ

ಬಣ್ಣ ಕೆಲವು ಕಡೆ ಹನಿಹನಿಯಾಗಿ ಸರಿದು ಕಣ್ಣು ಬಿಟ್ಟರೆ ಜಿಡ್ಡು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ, ಅಡುಗೆ ಹೊಗೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈ, ಮೂರರಲ್ಲಿ ಯಾವುದಾದರೂ ಒಂದು. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಮತ್ತೆ ಹೊಡೆಯಿರಿ.

ಕೂರಿಸಿಟ್ಟಲ್ಲೇ ಅಂಟಾದರೆ

ಎಲ್ಲ ಮುಗಿದ ಮೇಲೆ ಅಮ್ಮ ವಿಮಾನವನ್ನು ಜೋಪಾನವಾಗಿ ಗಾಜಿನ ಬೀರುವಿನಲ್ಲಿ ಇಟ್ಟರು. ಮಳೆಗಾಲ ಅಲ್ವಾ, ಹುಳ ಬರಬಾರದೆಂದು ಪಕ್ಕದಲ್ಲೇ ನಾಲ್ಕು ನುಸಿಗುಳಿಗೆಯನ್ನೂ ಹಾಕಿದ್ದರು. ತಿಂಗಳ ಮೇಲೆ ತೆಗೆದರೆ ಒಂದು ಗುಳಿಗೆ ಬಾಲಕ್ಕೆ ತಾಗಿದ್ದ ಕಡೆ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಎಳೆಯಾಗುತ್ತಿತ್ತು. ನ್ಯಾಫ್ತಲೀನ್ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ತಾಗಬೇಕೆಂದೇ ಇಲ್ಲ, ಮುಚ್ಚಿದ ಬೀರುವಿನಲ್ಲಿ ಆವಿಯೇ ಸಾಕು.

ಇದಕ್ಕೆ ಕೂಡಲೇ ಉಜ್ಜಲು ಹೋಗಬೇಡಿ, ಬೆರಳಚ್ಚು ಬೀಳುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡುವ ಕಡೆ ಇಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಎಮರಿ, ಆಮೇಲೆ ಬಣ್ಣ. ಬೀರುವಿನಲ್ಲಿ ಈಗ ಸಿಲಿಕಾ ಜೆಲ್ ಪೊಟ್ಟಣಗಳಿವೆ. ಅಮ್ಮ ನುಸಿಗುಳಿಗೆಯನ್ನು ಸೀರೆಗಳ ಕಡೆಗೆ ಸಾಗಿಸಿದ್ದಾರೆ. ಬಾಲಕ್ಕೆ ಬಣ್ಣ ಇನ್ನೂ ಹೊಡೆದಿಲ್ಲ. ಉಪ್ಪು ಒಣಗಲಿ ಎಂದು ಕಾಯುತ್ತಿದ್ದೇನೆ.